ಎದೆಗೂ ಅಲ್ಟ್ರಾಸೌಂಡ್ ಮಾಡುತ್ತಾರೆಯೇ?

ಪ್ರಶ್ನೆ: ಉಸಿರು ಕಟ್ಟಿದ್ದ ಅಪ್ಪನನ್ನು ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ದಾಗ ವೈದ್ಯರು ಹಾಸಿಗೆಯ ಬಳಿಯೇ ಎದೆಯ ಸ್ಕ್ಯಾನ್ ಮಾಡಿದರು. ಗಾಳಿ ತುಂಬಿದ ಶ್ವಾಸಕೋಶದಲ್ಲಿ ಏನು ಕಾಣುತ್ತದೆ?
– ಓದುಗರು, ಗೋವಿಂದರಾಜನಗರ

ಉತ್ತರ: ಒಳ್ಳೆಯ ಪ್ರಶ್ನೆ. ಗಾಳಿ ಶಬ್ದತರಂಗಗಳನ್ನು ಹಿಂದಕ್ಕೆ ಎಸೆಯುತ್ತದೆ, ಹಾಗಾಗಿ ಶ್ವಾಸಕೋಶದ ಒಳಭಾಗ ಕಾಣುವುದಿಲ್ಲ. ಆದರೆ ಪಕ್ಕೆಲುಬುಗಳ ನಡುವೆ ಅದರ ಹೊರಪೊರೆ ಬಿಳಿಗೆರೆಯಂತೆ ತೋರುತ್ತದೆ. ಉಸಿರಾಡಿದಂತೆ ಆ ಗೆರೆ ಅತ್ತಿತ್ತ ಜಾರುತ್ತಿದ್ದರೆ ಅಲ್ಲಿ ಶ್ವಾಸಕೋಶ ಎದೆಗೋಡೆಗೆ ತಾಗಿಕೊಂಡಿದೆ ಎಂದರ್ಥ. ಜಾರುವಿಕೆ ನಿಂತಿದ್ದರೆ ಪೊರೆಗಳ ನಡುವೆ ಗಾಳಿ ಸೇರಿರುವ ಶಂಕೆ ಮೂಡುತ್ತದೆ. ಗೆರೆಯಿಂದ ಪರದೆಯ ತಳದವರೆಗೆ ಬಿಳಿಪಟ್ಟಿಗಳು ಇಳಿದಿದ್ದರೆ, ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿರಬಹುದು, ಸೋಂಕೂ ಇರಬಹುದು. ಯಾವುದೆಂದು ತಿಳಿಯಲು ಹೃದಯವನ್ನೂ, ರಕ್ತ ಹೆಪ್ಪುಗಟ್ಟಿದೆಯೇ ಎಂದು ಕಾಲಿನ ರಕ್ತನಾಳಗಳನ್ನೂ ನೋಡುತ್ತಾರೆ. ಫ್ರಾನ್ಸಿನ ಡಾ. ಡೇನಿಯಲ್ ಲಿಕ್ಟೆನ್‌ಸ್ಟೈನ್ 2008ರಲ್ಲಿ ಶ್ವಾಸಕೋಶದ ಈ ತಪಾಸಣೆಯನ್ನು ‘ಬ್ಲೂ ಪ್ರೋಟೊಕಾಲ್’ ಎಂಬ ಕ್ರಮವಾಗಿ ಪ್ರಕಟಿಸಿದರು.

ಎಕ್ಸ್‌-ರೇ ವಿಕಿರಣವಿಲ್ಲ, ರೋಗಿಯನ್ನು ಕದಲಿಸಬೇಕಿಲ್ಲ, ಉತ್ತರ ನಿಮಿಷಗಳಲ್ಲೇ ಸಿಗುತ್ತದೆ. ಆದರೆ ಪೊರೆಗೆ ತಾಗದ ಆಳದ ರೋಗ ಇದರ ಕಣ್ಣಿಗೆ ಬೀಳದು. ಆಗ ಸಿಟಿ ಸ್ಕ್ಯಾನ್ ಬೇಕಾಗಬಹುದು. ನಮ್ಮಲ್ಲಿ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಅಲ್ಟ್ರಾಸೌಂಡ್ ಯಂತ್ರಗಳಿಗೆ ನೋಂದಣಿ ಕಡ್ಡಾಯ. ಆ ಕಟ್ಟುಪಾಡು ಇರಲೇಬೇಕು. ಜೊತೆಗೆ ತರಬೇತಾದ ಕೈಗಳೂ ಪ್ರತಿ ತುರ್ತು ಘಟಕದಲ್ಲಿ ಇರಬೇಕು.