ಕಾವೇರಿ ಕಣಿವೆಯಲ್ಲಿ ನೀರಿನ ಹಾದಿಯ ಚಾರಣ: ಅನುಮತಿ ಕೋರುವ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಹನೂರು ತಾಲ್ಲೂಕು ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ಒಣ ಪ್ರದೇಶವಾಗಿದೆ. ಇಲ್ಲಿನ ಬೆಟ್ಟಗಳಲ್ಲಿ ಕುರುಚಲು ಹಾಗೂ ಎಲೆ ಉದುರುವ ಕಾಡು ಹೆಚ್ಚಾಗಿದ್ದು, ಬೇಸಿಗೆಯಲ್ಲಿ ನೆಲವೆಲ್ಲ ಬರಡಾಗಿ ಕಾಣುತ್ತದೆ. ಆದರೆ ಕಾವೇರಿಯ ದಡದಲ್ಲಿಯೂ, ಅದನ್ನು ಸೇರುವ ಹಳ್ಳಗಳ ಅಂಚಿನಲ್ಲಿಯೂ ಹೊಳೆಮತ್ತಿ, ಹುಣಸೆ, ಹೊಂಗೆ, ನೇರಳೆ ಮರಗಳ ಹಸಿರು ಪಟ್ಟಿ ಉಳಿದಿರುತ್ತದೆ. ಅಜ್ಜೀಪುರದ ಬಳಿ ಜಲಾಶಯ ನಿರ್ಮಿಸಲಾಗಿರುವ ಉಡುತೊರೆಹಳ್ಳವು ಇಂತಹ ಹಳ್ಳಗಳಲ್ಲಿ ಒಂದು.

ಈ ಕಣಿವೆಯಲ್ಲಿ ನೀರನ್ನು ನಡೆದು ದಾಟುವುದು ಹೊಸದೇನಲ್ಲ. ಮಹಾಶಿವರಾತ್ರಿಯ ಸಮಯದಲ್ಲಿ ಕನಕಪುರದ ಕಡೆಯಿಂದ ಬರುವ ಪಾದಯಾತ್ರಿಗಳು ಹಗ್ಗದ ಆಸರೆಯಿಂದ ಕಾವೇರಿಯನ್ನು ದಾಟಿ, ಶಾಗ್ಯ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟವನ್ನು ತಲುಪುವ ರೂಢಿಯಿದೆ. ಇತ್ತೀಚಿನ ವರ್ಷಗಳಲ್ಲಿ ಚಾರಣಾಸಕ್ತರೂ ಬರುತ್ತಿರುವುದರಿಂದ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಅನುಮತಿ ಏಕೆ ಅವಶ್ಯಕ?

ಕಾವೇರಿ ವನ್ಯಜೀವಿಧಾಮವನ್ನು 1987ರಲ್ಲಿಯೂ, ಮಲೆ ಮಹದೇಶ್ವರ ವನ್ಯಜೀವಿಧಾಮವನ್ನು 2013ರಲ್ಲಿಯೂ ಘೋಷಿಸಲಾಗಿದೆ. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕರಣ 27ರಂತೆ, ಪರವಾನಗಿಯಿಲ್ಲದೆ ವನ್ಯಜೀವಿಧಾಮವನ್ನು ಪ್ರವೇಶಿಸುವಂತಿಲ್ಲ. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದು ಹೋಗುವವರಿಗೆ ವಿನಾಯಿತಿ ಇದೆ. ಆದರೆ ವಿನಾಯಿತಿಯು ರಸ್ತೆಗೆ ಮಾತ್ರ ಸೀಮಿತ. ರಸ್ತೆಯಿಂದ ಇಳಿದು ವನ್ಯಜೀವಿಧಾಮದೊಳಗಿನ ಹಳ್ಳದ ಹಾದಿ ಹಿಡಿದೊಡನೆ ಪರವಾನಗಿಯ ಅವಶ್ಯಕತೆ ಉಂಟಾಗುತ್ತದೆ.

ಆನೆ, ನೀರುನಾಯಿ, ಮೊಸಳೆ, ನದಿದಡದ ಮರಗಳಲ್ಲಿ ವಾಸಿಸುವ ಬೂದು ದೈತ್ಯ ಅಳಿಲು, ಅಳಿವಿನಂಚಿನಲ್ಲಿರುವ ಮಹಶೀರ್ ಮೀನು ಇವೆಲ್ಲವೂ ಇದೇ ಹಸಿರು ಪಟ್ಟಿಯನ್ನು ಆಶ್ರಯಿಸಿವೆ. ಬೇಸಿಗೆಯಲ್ಲಿ ಅವುಗಳಿಗೆ ಬೇರೆ ನೀರಿನ ಆಸರೆ ವಿರಳ. ಚಾರಣಿಗರು ಹಳ್ಳದಲ್ಲಿ ಬೀಡುಬಿಟ್ಟರೆ ಪ್ರಾಣಿಗಳು ನೀರಿನಿಂದ ದೂರ ಉಳಿಯಬೇಕಾಗುತ್ತದೆ.

3. ನೀರು ಎಲ್ಲಿಂದ ಬರುತ್ತದೆ?

ಈ ವಿಷಯವನ್ನು ಅರ್ಜಿದಾರರು ವಿಶೇಷವಾಗಿ ಗಮನಿಸತಕ್ಕದ್ದು. ಕಾಲಿನ ಕೆಳಗಿನ ನೀರಿನ ಮಟ್ಟವನ್ನು ತಲೆಯ ಮೇಲಿನ ಆಕಾಶ ನೋಡಿ ಅಳೆಯಲಾಗದು.

(ಅ) ಕಾವೇರಿ ನದಿ: ಜೂನ್‌ನಿಂದ ಆಗಸ್ಟ್‌ವರೆಗೆ ಹನೂರಿನಲ್ಲಿ ಬಿಸಿಲಿದ್ದರೂ, ಕೊಡಗು ಮತ್ತು ವಯನಾಡಿನಲ್ಲಿ ಸುರಿದ ಮಳೆಯಿಂದ ನದಿಯು ತುಂಬಿ ಹರಿಯಬಹುದು. ಕೃಷ್ಣರಾಜಸಾಗರ ಹಾಗೂ ಕಬಿನಿ ಜಲಾಶಯಗಳಿಂದ ನೀರು ಬಿಟ್ಟಾಗ ಕೆಳಭಾಗದಲ್ಲಿ ಮಟ್ಟ ಏರುತ್ತದೆ.

(ಆ) ಹಳ್ಳಗಳು: ಸ್ಥಳೀಯ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ. ಏಪ್ರಿಲ್-ಮೇ ತಿಂಗಳಲ್ಲಿ ಗುಡುಗು ಮಳೆಯೂ ಆಗುತ್ತದೆ. ಬೆಟ್ಟದ ಮೇಲೆ ಒಂದು ಗಂಟೆ ಜೋರು ಮಳೆಯಾದರೆ ಒಣಗಿದ್ದ ಹಳ್ಳವೂ ಹಠಾತ್ತನೆ ಉಕ್ಕಬಹುದು.

ಈ ಎರಡೂ ಕಾರಣಗಳಿಂದ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿಯು ತಕ್ಕಮಟ್ಟಿಗೆ ಸುರಕ್ಷಿತವಾಗಿರುತ್ತದೆ. ತದನಂತರದ ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಅಪಾಯದಿಂದಾಗಿ ಚಾರಣವನ್ನು ನಿರ್ಬಂಧಿಸುವುದುಂಟು.

4. ಅರ್ಜಿ ಸಲ್ಲಿಸುವ ಬಗೆ

ಇಲಾಖೆಯು ಗುರುತಿಸಿರುವ ಚಾರಣ ಪಥಗಳಿಗೆ 2024ರಿಂದ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡವಾಗಿ ಕಾಯ್ದಿರಿಸುವ ವ್ಯವಸ್ಥೆ ಇದೆ. ಇತರೆ ಸ್ಥಳಗಳ ಬಗ್ಗೆ ಕೊಳ್ಳೇಗಾಲದಲ್ಲಿರುವ ಸಂಬಂಧಪಟ್ಟ ವನ್ಯಜೀವಿ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಯವರ ಕಚೇರಿಯಲ್ಲಿ ವಿಚಾರಿಸುವುದು. ಅರ್ಜಿಯಲ್ಲಿ ಉದ್ದೇಶ, ದಿನಾಂಕ, ಮಾರ್ಗ ಹಾಗೂ ಬರುವವರ ಸಂಖ್ಯೆಯನ್ನು ಸ್ಪಷ್ಟವಾಗಿ ನಮೂದಿಸುವುದರಿಂದ ಪರಿಶೀಲನೆಗೆ ಅನುಕೂಲವಾಗುತ್ತದೆ. ಕೋರಿದ ಎಲ್ಲ ಹಾದಿಗಳಿಗೂ ಅನುಮತಿ ದೊರೆಯುತ್ತದೆಂದು ಭಾವಿಸತಕ್ಕದ್ದಲ್ಲ.

5. ನೀರಿನಲ್ಲಿ ನಡೆಯುವಾಗ ಪಾಲಿಸಬೇಕಾದ ಅಂಶಗಳು

• ಮಂಡಿ ಮೀರಿದ ಹರಿವಿನಲ್ಲಿ ಇಳಿಯಬಾರದು. ಬಂಡೆಗಳ ನಡುವಿನ ಗುಳಿ ಮತ್ತು ಸುಳಿಗಳು ಮೇಲಿನಿಂದ ಕಾಣುವುದಿಲ್ಲ. ಕೋಲಿನಿಂದ ಆಳ ನೋಡಿ ಹೆಜ್ಜೆಯಿಡಬೇಕು.
• ಬರಿಗಾಲಿನಲ್ಲಿ ನಡೆಯಬಾರದು. ದಾಟುವಾಗ ಬೆನ್ನಿನ ಚೀಲದ ಸೊಂಟಪಟ್ಟಿಯನ್ನು ಬಿಚ್ಚಿರಬೇಕು. ಬಿದ್ದರೆ ಚೀಲವನ್ನು ಕಳಚಲು ಸಾಧ್ಯವಾಗುತ್ತದೆ.
• ತಿಳಿನೀರು ಏಕಾಏಕಿ ಕದಡಿದರೆ, ಕಸಕಡ್ಡಿ ತೇಲಿ ಬಂದರೆ ಅಥವಾ ಮೇಲ್ಭಾಗದಿಂದ ಮೊರೆತ ಕೇಳಿದರೆ ಕೂಡಲೇ ಎತ್ತರದ ದಡ ಹತ್ತಬೇಕು. ಸಾಮಾನಿಗಾಗಿ ಹಿಂದಿರುಗಬಾರದು.
• ಹಳ್ಳದ ಮರಳಿನ ಮೇಲೆ ಮಲಗಬಾರದು. ಸಂಜೆಯಾಗುವ ಮುನ್ನ, ಪ್ರಾಣಿಗಳು ನೀರಿಗೆ ಬರುವ ವೇಳೆಗೆ, ನೀರಿನ ಬದಿಯನ್ನು ತೆರವು ಮಾಡಬೇಕು.
• ಬೆಂಕಿ ಹಚ್ಚುವುದು, ಆಯುಧ ಕೊಂಡೊಯ್ಯುವುದು, ಕಸ ಎಸೆಯುವುದು, ಪ್ರಾಣಿಗಳನ್ನು ಕೆಣಕುವುದು ಕಾನೂನಿನನ್ವಯ ನಿಷೇಧಿಸಲ್ಪಟ್ಟಿವೆ.

6. ತುರ್ತು ಸಂದರ್ಭದಲ್ಲಿ

ತುರ್ತು ಸೇವೆಗಾಗಿ 112 ಸಂಖ್ಯೆಗೆ ಕರೆ ಮಾಡಬಹುದು. ಕಣಿವೆಯೊಳಗೆ ಮೊಬೈಲ್ ಸಂಪರ್ಕ ದೊರೆಯದಿರುವ ಸಾಧ್ಯತೆ ಇರುವುದರಿಂದ, ಹೋಗುವ ಮಾರ್ಗ ಹಾಗೂ ಹಿಂದಿರುಗುವ ವೇಳೆಯನ್ನು ಮುಂಚಿತವಾಗಿ ಮನೆಯವರಿಗೂ ಅರಣ್ಯ ಸಿಬ್ಬಂದಿಗೂ ತಿಳಿಸಿರಬೇಕು. ನೀರಿನ ಮಟ್ಟದ ಕಾರಣ ಸಿಬ್ಬಂದಿಯು ಪ್ರವೇಶವನ್ನು ತಡೆದಲ್ಲಿ, ಅನುಮತಿ ಪತ್ರವಿದ್ದರೂ ಆ ಸೂಚನೆಯನ್ನು ಪಾಲಿಸಿ ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.