ನಿಮಗಿದು ಗೊತ್ತೇ? ವಿಂಡೋ ತೆರೆಯುವ ಪುಟ್ಟ ಪ್ರೋಗ್ರಾಂಗಳು

ಪರದೆಯ ಮೇಲೆ ಒಂದು ವಿಂಡೋ, ಅದರೊಳಗೆ 'ಹಲೋ' ಎಂಬ ಮಾತು. ಇದಕ್ಕೆ ಎಷ್ಟು ಸಾಲು ಕೋಡ್ ಬೇಕು? 1985ರಲ್ಲಿ ವಿಂಡೋಸ್‌ನ ಮೊದಲ ಆವೃತ್ತಿ ಬಂದಾಗ ಪ್ರೋಗ್ರಾಮರ್‌ಗಳ ಕೈಗೆ ಸಿಕ್ಕ ಮಾದರಿಯಲ್ಲಿ ಸುಮಾರು 150 ಸಾಲುಗಳಿದ್ದವು! 1978ರ ಕರ್ನಿಗನ್–ರಿಚಿ ಸಿ ಭಾಷೆಯ ಪುಸ್ತಕದಲ್ಲಿ ಅಂಥದೇ ಮಾತು ತೋರಿಸಲು ಬೆರಳೆಣಿಕೆಯ ಸಾಲುಗಳು ಸಾಕಾಗಿದ್ದವು. ವಿಂಡೋ ಅಂದಮೇಲೆ ಅದನ್ನು ನೋಂದಾಯಿಸಬೇಕು, ಸೃಷ್ಟಿಸಬೇಕು, ಬರಹವನ್ನು ಬಿಡಿಸಬೇಕು, ಮೌಸ್ ಮತ್ತು ಕೀಬೋರ್ಡ್ ಕಳಿಸುವ ಸಂದೇಶಗಳಿಗೆ ಓಗೊಡುತ್ತಲೇ ಇರಬೇಕು.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದಾಗ ಜಾನ್ ಔಸ್ಟರ್‌ಹೌಟ್ ರೂಪಿಸಿದ ಟಿಕೆ ಟೂಲ್‌ಕಿಟ್ ಇದೇ ಕೆಲಸವನ್ನು ಎರಡು ಸಾಲಿಗೆ ಇಳಿಸಿತು. ಒಂದು ಸಾಲು ಬಟನ್ ಮಾಡಲು, ಇನ್ನೊಂದು ಅದನ್ನು ವಿಂಡೋದಲ್ಲಿ ಕೂರಿಸಲು.

ಆ ಟಿಕೆ ಈಗ ಪೈಥಾನ್ ಜೊತೆಯಲ್ಲೇ ಬರುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೈಥಾನ್, ಹೈಫನ್ ಎಮ್, ಟಿಕೆಇಂಟರ್ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಪುಟ್ಟ ಪರೀಕ್ಷಾ ವಿಂಡೋ ತೆರೆದುಕೊಳ್ಳುತ್ತದೆ. ಅದರಲ್ಲಿ ಎರಡೇ ಬಟನ್. 'ನನ್ನನ್ನು ಒತ್ತಿ' ಎನ್ನುವ ಬಟನ್ ಒತ್ತಿದರೆ ಅದರ ಮೇಲಿನ ಬರಹದ ಎರಡೂ ಬದಿಗೆ ಚೌಕ ಆವರಣ ಬರುತ್ತದೆ. ಮತ್ತೆ ಒತ್ತಿದರೆ ಇನ್ನೊಂದು ಜೋಡಿ. ನೋಡಲು ಇಷ್ಟೇ ಆದರೂ ವಿಂಡೋ, ಬಟನ್‌ಗಳ ಪ್ರೋಗ್ರಾಂ, ಅಂದರೆ ಜಿಯುಐ ಕಲಿಕೆಯ ಅರ್ಧ ಪಾಠ ಇಲ್ಲಿದೆ. ಬಟನ್‌ಗೆ ಒಂದು ಫಂಕ್ಷನ್ ಕಟ್ಟಿಕೊಟ್ಟಿರುತ್ತಾರೆ, ಕ್ಲಿಕ್ ಆದಾಗ ಟೂಲ್‌ಕಿಟ್ ತಾನೇ ಅದನ್ನು ಕರೆಯುತ್ತದೆ. ಉಳಿದರ್ಧ ಪ್ರೋಗ್ರಾಂನ ಕೊನೆಯ ಸಾಲಿನ 'ಮೇನ್‌ಲೂಪ್', ಅಂದರೆ ಸಂದೇಶಗಳಿಗೆ ಓಗೊಡುತ್ತಲೇ ಇರುವ ಸುತ್ತು. ಪೈಥಾನ್ ಸ್ಕ್ರಿಪ್ಟ್‌ನಲ್ಲಿ ಅದನ್ನು ಬಿಟ್ಟರೆ ಪ್ರೋಗ್ರಾಂ ಅಲ್ಲಿಗೇ ಮುಗಿಯುತ್ತದೆ, ವಿಂಡೋ ನಿಲ್ಲುವುದೇ ಇಲ್ಲ.

ವಿಂಡೋಸ್ ಬಳಸಿದವರಿಗೆಲ್ಲ ಗೊತ್ತಿದ್ದ ವರ್ಡ್‌ಪ್ಯಾಡ್ ಕೂಡ ಒಂದು ಕಾಲಕ್ಕೆ ಕಲಿಕೆಯ ಮಾದರಿ! ಮೈಕ್ರೋಸಾಫ್ಟ್ ತನ್ನ ಎಂಎಫ್‌ಸಿ ಲೈಬ್ರರಿಯ ಮಾದರಿಗಳ ಜೊತೆ ಅದರ ಸೋರ್ಸ್ ಕೋಡನ್ನೂ ಹಂಚಿತ್ತು. ಆ್ಯಪಲ್‌ನ ಟೆಕ್ಸ್ಟ್‌ಎಡಿಟ್‌ನ ಸೋರ್ಸ್ ಕೂಡ ಹೀಗೆಯೇ ಪ್ರಕಟವಾಗಿದೆ.

ನಾರ್ವೆಯಲ್ಲಿ ಹುಟ್ಟಿದ ಕ್ಯೂಟಿ ಟೂಲ್‌ಕಿಟ್‌ನ ಹಳೆಯ ಪಾಠಮಾಲೆಯಲ್ಲಿ 14 ಅಧ್ಯಾಯಗಳು. ಮೊದಲನೆಯದರಲ್ಲಿ 'ಹಲೋ' ಎನ್ನುವ ಒಂದು ಬಟನ್, ಹದಿನಾಲ್ಕನೆಯದು ಮುಗಿಯುವ ಹೊತ್ತಿಗೆ ಫಿರಂಗಿಯಿಂದ ಗುರಿಗೆ ಗುಂಡು ಹಾರಿಸುವ ಆಟ ಸಿದ್ಧ. ಪಾಠ ಕಟ್ಟುವುದೆಂದರೆ ಹೀಗಿರಬೇಕು.

ಜಿಟಿಕೆ ಹುಟ್ಟಿದ್ದು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕಾಗಿ. ಅದರ ಡೆಮೊದಲ್ಲಿ ಪ್ರತಿ ಉದಾಹರಣೆಯನ್ನೂ ಓಡಿಸಿ ನೋಡಬಹುದು, ಅಲ್ಲೇ ಅದರ ಕೋಡನ್ನೂ ಓದಬಹುದು.

ಫ್ಲಟರ್ ಟೂಲ್‌ಕಿಟ್‌ನಲ್ಲಿ ಹೊಸ ಆ್ಯಪ್ ಶುರುಮಾಡಿದರೆ ಮೊದಲು ಸಿಗುವುದು ಒತ್ತಿದಷ್ಟು ಸಲ ಎಣಿಸುವ ಕೌಂಟರ್.

ಟೂಲ್‌ಕಿಟ್‌ಗಳನ್ನು ಹೋಲಿಸಲು '7ಜಿಯುಐಸ್' ಎಂಬ ಏಳು ಸವಾಲುಗಳಿವೆ. ಕೌಂಟರ್‌ನಿಂದ ಶುರುವಾಗಿ ಉಷ್ಣತೆ ಪರಿವರ್ತಕ, ವಿಮಾನ ಟಿಕೆಟ್ ಕಾಯ್ದಿರಿಸುವುದು, ಟೈಮರ್, ಹೆಸರುಗಳ ಪಟ್ಟಿ, ವೃತ್ತ ಬಿಡಿಸುವುದು ಎಂದು ಕಷ್ಟವಾಗುತ್ತಾ ಹೋಗಿ ಪುಟ್ಟ ಸ್ಪ್ರೆಡ್‌ಶೀಟ್‌ನಲ್ಲಿ ಮುಗಿಯುತ್ತದೆ. ಏಳನ್ನೂ ಬರೆದವರಿಗೆ ಆ ಟೂಲ್‌ಕಿಟ್ ಒಲಿದಂತೆಯೇ.

ಹೊಸಬರು ಗಡಿಯಾರದ ಪ್ರೋಗ್ರಾಂ ಬರೆಯುವಾಗ ಸೆಕೆಂಡಿಗೊಮ್ಮೆ ಕಾಯಲು 'ಸ್ಲೀಪ್' ಹಾಕಿಬಿಡುತ್ತಾರೆ. ಆಗ ವಿಂಡೋ ಮರಗಟ್ಟುತ್ತದೆ, ಕ್ಲೋಸ್ ಬಟನ್ ಕೂಡ ಮಾತು ಕೇಳುವುದಿಲ್ಲ. ಕಾಯುತ್ತಿರುವಷ್ಟು ಹೊತ್ತು ಮೇನ್‌ಲೂಪ್‌ಗೆ ಉಸಿರಾಡಲು ಬಿಡುವಿಲ್ಲದಿರುವುದೇ ಕಾರಣ. ಟಿಕೆಯಲ್ಲಿ ಇದಕ್ಕೆಂದೇ 'ಆಫ್ಟರ್' ಇದೆ. 1000 ಮಿಲಿಸೆಕೆಂಡ್ ಎಂದು ಕೊಟ್ಟರೆ ಲೂಪ್ ತನ್ನ ಕೆಲಸ ಮಾಡಿಕೊಂಡಿದ್ದು, ಹೊತ್ತಾದಾಗ ನಿಮ್ಮ ಫಂಕ್ಷನ್ ಕರೆಯುತ್ತದೆ.

ಈಮ್ಯಾಕ್ಸ್ ಎಡಿಟರ್‌ನಲ್ಲಿ ಕಂಟ್ರೋಲ್ ಜೊತೆ ಎಚ್ ಒತ್ತಿ, ಬಳಿಕ ಬರೀ ಎಚ್ ಒತ್ತಿ. ಲೋಕದ ಹಲವು ಭಾಷೆಗಳ ವಂದನೆಗಳ ನಡುವೆ ಕನ್ನಡದ 'ನಮಸ್ಕಾರ'ವೂ ಕಾಣುತ್ತದೆ! 'ಸ್ಕಾ'ದ ಒತ್ತಕ್ಷರ ಸರಿಯಾದ ಜಾಗದಲ್ಲಿ ಕೂತಿದ್ದರೆ ನಿಮ್ಮ ಯಂತ್ರಕ್ಕೆ ಕನ್ನಡ ಜೋಡಿಸಲು ಬರುತ್ತದೆ ಎಂದರ್ಥ. ಟಿಕೆಯಲ್ಲೂ ಇದನ್ನು ಪರೀಕ್ಷಿಸಬಹುದು. ಎರಡು ಸಾಲಿನ ಮಾದರಿಯಲ್ಲಿ ಬಟನ್‌ನ ಬರಹವನ್ನು ಕನ್ನಡಕ್ಕೆ ಬದಲಿಸಿ ಓಡಿಸಿ, ಅಕ್ಷರ ಒಡೆದು ಕಂಡರೆ ಬೇರೆ ಫಾಂಟ್ ಹಾಕಿ ನೋಡಿ. ನೀವು ಬರೆಯುವ ಮೊದಲ ವಿಂಡೋ ಕನ್ನಡದಲ್ಲೇ ಇರಲಿ.