ಮಂಚನಬೆಲೆಯಿಂದ ಜ್ಞಾನಭಾರತಿಯವರೆಗೆ

ವಿಜಯನಗರದ ಯಾವ ಅಡ್ಡರಸ್ತೆಗೆ ಹೊಕ್ಕರೂ ಬೆನ್ನಿಗೆ ಚೀಲ ಏರಿಸಿಕೊಂಡ ಹುಡುಗ ಹುಡುಗಿಯರು ಎದುರಾಗುತ್ತಾರೆ. ಕಲಬುರಗಿ, ರಾಯಚೂರು, ವಿಜಯಪುರ, ಚಾಮರಾಜನಗರ ಎಂದು ಎಲ್ಲೆಲ್ಲಿಂದಲೋ ಬಂದವರು. ಕೆ.ಎ.ಎಸ್., ಪಿ.ಎಸ್.ಐ., ಎಫ್.ಡಿ.ಎ. ಎಂದು ಒಬ್ಬೊಬ್ಬರದು ಒಂದೊಂದು ಕನಸು. ಮಲಗಲು ಪಿ.ಜಿ.ಯಲ್ಲಿ ಒಂದು ಮಂಚ, ಓದಲು ಹಂಪಿನಗರದ ಗ್ರಂಥಾಲಯದಲ್ಲಿ ಒಂದು ಕುರ್ಚಿ ಸಿಕ್ಕಿತೆಂದರೆ ಅಂದಿನ ಮಟ್ಟಿಗೆ ಗೆದ್ದ ಹಾಗೆ. ಊರಿನಲ್ಲಿ ಅಪ್ಪ ಅಮ್ಮ ಕಾಯುತ್ತಿರುತ್ತಾರೆ. ಮಗ ಪಾಸಾಗುತ್ತಾನೋ ಇಲ್ಲವೋ ಎಂಬುದು ಒಂದು ಚಿಂತೆ. ಪಾಸಾದ ಮೇಲೆ ನಮ್ಮವನಾಗಿ ಉಳಿಯುತ್ತಾನೋ ಇಲ್ಲವೋ ಎಂಬುದು ಬಾಯಿ ಬಿಟ್ಟು ಹೇಳದ ಇನ್ನೊಂದು ಚಿಂತೆ.

ಈ ಎರಡನೆಯ ಚಿಂತೆಗೆ ಉತ್ತರದಂತೆ ಬದುಕಿದ ಒಬ್ಬರ ಕಥೆ ಇದೇ ಪಶ್ಚಿಮ ಬೆಂಗಳೂರಿನಲ್ಲಿ ನಡೆದಿದೆ. ವಿಜಯನಗರದ ಪಕ್ಕದಲ್ಲೇ ಹಾದುಹೋಗುವ ಮಾಗಡಿ ರಸ್ತೆಯ ಗೋಪಾಲಪುರದಲ್ಲಿ, ರಾಜಾಜಿನಗರಕ್ಕೆ ಅಂಟಿಕೊಂಡ ಶ್ರೀರಾಮಪುರದಲ್ಲಿ, ಕೆಂಗೇರಿಯ ಹಾದಿಯ ಜ್ಞಾನಭಾರತಿಯಲ್ಲಿ. ಅವರು ಕವಿ ಸಿದ್ಧಲಿಂಗಯ್ಯ. ('ಬಂಗಾರದ ಮನುಷ್ಯ' ಚಿತ್ರ ನಿರ್ದೇಶಿಸಿದ ಸಿದ್ಧಲಿಂಗಯ್ಯನವರು ಬೇರೆ. ಪರೀಕ್ಷೆ ಬರೆಯುವ ಮಕ್ಕಳು ಇಬ್ಬರನ್ನೂ ಒಬ್ಬರೆಂದು ಬರೆದು ಅಂಕ ಕಳೆದುಕೊಳ್ಳದಿರಲಿ!)

ಮಾಗಡಿ ತಾಲ್ಲೂಕಿನ ಮಂಚನಬೆಲೆ ಇಂದು ಭಾನುವಾರದ ವಿಹಾರಕ್ಕೆ ಹೆಸರಾದ ಜಾಗ. ಅರ್ಕಾವತಿಗೆ ಕಟ್ಟಿದ ಜಲಾಶಯ, ಸುತ್ತ ಬೆಟ್ಟಗುಡ್ಡ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್. ಸಿದ್ಧಲಿಂಗಯ್ಯ ಹುಟ್ಟಿದ್ದು ಅಲ್ಲಿ, 1954ರಲ್ಲಿ. ಊರಿಗೆ ಅಂಟಿಯೂ ಅಂಟದ ಹಾಗಿದ್ದ ಕೇರಿಯಲ್ಲಿ.

ಅವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರೂ 'ಊರುಕೇರಿ'. ಹಳ್ಳಿಯ ಬದುಕು ಬಲ್ಲವರಿಗೆ ಈ ಜೋಡಿಪದ ಬಿಡಿಸಿ ಹೇಳಬೇಕಾಗಿಲ್ಲ. ನಗರದಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಹೇಳಬೇಕು: ಊರು ಎಂದರೆ ಎಲ್ಲರೂ ಇರುವ ಜಾಗವಲ್ಲ, ಅಸ್ಪೃಶ್ಯರೆಂದು ದೂರ ಇಟ್ಟವರು ಬಾಳುತ್ತಿದ್ದ ಜಾಗಕ್ಕೆ ಕೇರಿ ಎಂದೇ ಬೇರೆ ಹೆಸರಿತ್ತು.

ಆ ಪುಸ್ತಕದ ಆರಂಭದಲ್ಲೇ ಒಂದು ದೃಶ್ಯ ಬರುತ್ತದೆ. ಹೊಲದಲ್ಲಿ ಉಳುಮೆ ನಡೆದಿದೆ. ಒಬ್ಬ ಹಿಂದಿನಿಂದ ನೇಗಿಲು ಹಿಡಿದಿದ್ದಾನೆ. ಮುಂದೆ ಎತ್ತುಗಳಿರಬೇಕಾದ ಜಾಗದಲ್ಲಿ ಇಬ್ಬರು ಮನುಷ್ಯರು ಹೆಗಲಿಗೆ ನೊಗ ಹೊತ್ತು ಎಳೆಯುತ್ತಿದ್ದಾರೆ. ನೋಡುತ್ತಾ ನಿಂತ ಮಗುವಿಗೆ, ಆ ಇಬ್ಬರಲ್ಲಿ ಒಬ್ಬರು ತನ್ನ ಅಪ್ಪ ಎಂಬುದು ತಿಳಿಯುತ್ತದೆ. ಸಿದ್ಧಲಿಂಗಯ್ಯ ಇದನ್ನು ಎದೆ ಬಡಿದುಕೊಂಡು ಹೇಳುವುದಿಲ್ಲ. ಮಗುವಿನ ಕಣ್ಣಿಗೆ ಬಿದ್ದದ್ದನ್ನು ಬಿದ್ದ ಹಾಗೆ ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ಓದಿದವರಿಗೆ ಮಾತ್ರ ಅಷ್ಟು ಸುಲಭವಾಗಿ ಮುಂದಕ್ಕೆ ಹೋಗಲು ಆಗುವುದಿಲ್ಲ.

ಕುಟುಂಬ ಬೆಂಗಳೂರಿಗೆ ಬಂದು ಶ್ರೀರಾಮಪುರದಲ್ಲಿ ನೆಲೆ ನಿಂತಿತು. ಆಗಿನ ಶ್ರೀರಾಮಪುರ ಈಗಿನದಲ್ಲ. ರಾಜಾ ಮಿಲ್ಲು, ಮಿನರ್ವ ಮಿಲ್ಲು, ಬಿನ್ನಿ ಮಿಲ್ಲುಗಳ ಸೈರನ್ನಿಗೆ ಏಳುತ್ತಿದ್ದ ಬೆಂಗಳೂರಿನ ಭಾಗ ಅದು. ರೈಲು ಹಳಿಯ ಆಚೀಚೆ ಕೂಲಿಕಾರರ, ಕಾರ್ಮಿಕರ ಮನೆಗಳು. ಒತ್ತೊತ್ತಾಗಿ ನಿಂತ ಗುಡಿಸಲುಗಳು. ಅದೇ ಹೊತ್ತಿಗೆ ಪಕ್ಕದ ರಾಜಾಜಿನಗರದಲ್ಲಿ ಬ್ಲಾಕು, ಮೇನು, ಕ್ರಾಸು ಎಂದು ಅಚ್ಚುಕಟ್ಟಾಗಿ ಬಡಾವಣೆ ಬೆಳೆಯುತ್ತಿತ್ತು. ಊರು ಮತ್ತು ಕೇರಿ ಮಂಚನಬೆಲೆಯಲ್ಲಿ ಮಾತ್ರ ಇರಲಿಲ್ಲ ಎನ್ನಿ.

ಗೋರಿಯ ಮೇಲೊಂದು ಓದುಕೋಣೆ

ಹುಡುಗನಿಗೆ ದಾರಿ ತೆರೆದದ್ದು ಎರಡು ಸಂಗತಿಗಳು. ಒಂದು, ಗೋಪಾಲಪುರದ ವಿದ್ಯಾರ್ಥಿನಿಲಯ. ಸರ್ಕಾರಿ ಹಾಸ್ಟೆಲ್ ಎಂದರೆ ಮೂಗು ಮುರಿಯುವವರು ಇಂದಿಗೂ ಇದ್ದಾರೆ. ಸೊಪ್ಪುಸಾರು, ಮುದ್ದೆ, ತೆಳ್ಳನೆಯ ಮಜ್ಜಿಗೆ ಎಂದು ಅದರ ಊಟದ ಬಗ್ಗೆ ನಗೆಹನಿಗಳೂ ಉಂಟು. ಆದರೆ ಹಸಿವು ಕಂಡ ಮನೆಯ ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಸಿಗುವ ಊಟವೇ ವಿದ್ಯೆಯ ಮೊದಲ ಪಾಠ. ಊಟದ ಚಿಂತೆ ತಪ್ಪಿದ ಮೇಲಲ್ಲವೆ ಪುಸ್ತಕದ ಚಿಂತೆ ಹತ್ತುವುದು? ಈ ನಾಡಿನ ಎಷ್ಟು ಮಂದಿ ಅಧ್ಯಾಪಕರು, ಅಧಿಕಾರಿಗಳು, ಲೇಖಕರು ಇಂಥ ನಿಲಯಗಳ ಸಾಲುಪಂಕ್ತಿಯಲ್ಲಿ ತಟ್ಟೆ ಹಿಡಿದು ನಿಂತವರು ಎಂಬ ಲೆಕ್ಕವನ್ನು ಯಾರಾದರೂ ತೆಗೆಯಬೇಕು.

ಎರಡನೆಯದು ಕೇಳಿದರೆ ಪೋಷಕರು ಬೆಚ್ಚಿಬೀಳಬಹುದು. ಅದು ಶ್ರೀರಾಮಪುರದ ಸ್ಮಶಾನ! ಗುಡಿಸಲ ಸಾಲಿನ ಗಲಾಟೆಯಲ್ಲಿ ಓದಲು ಎಡೆಯೆಲ್ಲಿ? ಸಿಕ್ಕ ಒಂದೇ ನಿಶ್ಶಬ್ದದ ಜಾಗ ಅದು. ಅಲ್ಲಿ ಗೋರಿಗಳ ನಡುವೆ ಕುಳಿತು ಓದುತ್ತಿದ್ದುದನ್ನು ಸಿದ್ಧಲಿಂಗಯ್ಯ ಆತ್ಮಕಥೆಯಲ್ಲಿ ನೆನೆದಿದ್ದಾರೆ. ದೆವ್ವ, ಪಿಶಾಚಿ, ಮೈಮೇಲೆ ಬರುವ ದೇವರ ಕಥೆಗಳನ್ನು ಕೇಳಿಯೇ ಬೆಳೆದ ಹುಡುಗ, ದೆವ್ವಗಳ ವಿಳಾಸಕ್ಕೇ ಹೋಗಿ ಪುಸ್ತಕ ಬಿಡಿಸಿ ಕುಳಿತದ್ದು! ಓದುವುದಕ್ಕೆ ಬೇರೆ ಕೋಣೆ, ಬೇರೆ ದೀಪ, ಬೇರೆ ಟ್ಯೂಷನ್ ಎಂದು ಹೊಂಚಿಕೊಡುವ ಇಂದಿನ ತಂದೆತಾಯಿಯರನ್ನು ಮೂದಲಿಸಲು ಈ ಮಾತಲ್ಲ. ಯಾವ ಮಗುವೂ ಸ್ಮಶಾನಕ್ಕೆ ಹೋಗಿ ಓದಬೇಕಾಗಿ ಬರಬಾರದು. ಆ ಹುಡುಗನಿಗೆ ಮಾತ್ರ ಹಾಗೆ ಬಂದಿತ್ತು.

ಓದಿನ ಜೊತೆಗೇ ಮಾತೂ ಒಲಿಯಿತು. ಕಾಲೇಜಿಗೆ ಬರುವ ಹೊತ್ತಿಗೆ ಸಿದ್ಧಲಿಂಗಯ್ಯ ಪ್ರಖರ ಭಾಷಣಕಾರ, ಅಂಬೇಡ್ಕರ್, ಪೆರಿಯಾರ್ ವಿಚಾರಗಳನ್ನು ಮೈಗೂಡಿಸಿಕೊಂಡ ಯುವಕ. ದೇವರಿಲ್ಲ, ದೆವ್ವವಿಲ್ಲ ಎಂದು ವೇದಿಕೆ ಹತ್ತಿ ವಾದಿಸುತ್ತಿದ್ದ ಕಾಲ. ದೊಡ್ಡಬಳ್ಳಾಪುರದ ನೇಕಾರರ ಮನೆಯಿಂದ ಬಂದಿದ್ದ ಡಿ.ಆರ್. ನಾಗರಾಜ್ ಅವರ ಗೆಳೆತನ ಆದದ್ದೂ ಆ ದಿನಗಳಲ್ಲಿ. ನಾಗರಾಜ್ ಮುಂದೆ ಕನ್ನಡದ ದೊಡ್ಡ ವಿಮರ್ಶಕರಾದರು. 1998ರಲ್ಲಿ, ನಲವತ್ತನಾಲ್ಕರ ವಯಸ್ಸಿಗೇ ತೀರಿಕೊಂಡರು.

1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತನಾಡುತ್ತ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದದ್ದು ರಾಜ್ಯಕ್ಕೇ ಬೆಂಕಿ ಹಚ್ಚಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪನವರು ಸಚಿವ ಸ್ಥಾನ ಬಿಡಬೇಕಾಯಿತು. ಅವರ ಪರವಾಗಿ ಎದ್ದು ನಿಂತ ವಿದ್ಯಾರ್ಥಿಗಳಲ್ಲಿ ಸಿದ್ಧಲಿಂಗಯ್ಯ ಒಬ್ಬರು. ಅದರ ಬೆನ್ನಿಗೇ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಬಿ. ಕೃಷ್ಣಪ್ಪ, ದೇವನೂರ ಮಹಾದೇವ ಮೊದಲಾದವರ ಜೊತೆ ಅದನ್ನು ಕಟ್ಟಿದವರಲ್ಲಿ ಇವರೂ ಇದ್ದರು. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂತು. ಕವಿಗೆ ಆಗ ಇಪ್ಪತ್ತೊಂದು ವರ್ಷ. ಜಾತಿಯ ಹೆಸರನ್ನು ಬೈಗುಳವಾಗಿ ಕೇಳಿ ಬೆಳೆದವರು ಅದನ್ನೇ ಪುಸ್ತಕದ ಮುಖಪುಟಕ್ಕೆ ಏರಿಸಿದ್ದರು. ಆ ಹಾಡುಗಳು ಪುಸ್ತಕದಲ್ಲಿ ಉಳಿಯಲಿಲ್ಲ. ಮೆರವಣಿಗೆಗಳಲ್ಲಿ, ತಮಟೆಯ ಸದ್ದಿನ ಜೊತೆ, ಅಕ್ಷರ ಬಾರದವರ ಬಾಯಲ್ಲಿ ರಾಜ್ಯ ಸುತ್ತಿದವು.

ಇಲ್ಲಿಗೆ ನಿಂತಿದ್ದರೂ ಅದೊಂದು ದೊಡ್ಡ ಪಯಣವೇ. ಆದರೆ ಯಾರೂ ನಿರೀಕ್ಷಿಸದ ತಿರುವು ಬಂದದ್ದು ಇದರ ಮುಂದೆ.

ಸೂರಿಲ್ಲದ ದೇವತೆ

ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿ ಅಲ್ಲೇ ಅಧ್ಯಾಪಕರಾದ ಸಿದ್ಧಲಿಂಗಯ್ಯ ಸಂಶೋಧನೆಗೆ ಆರಿಸಿಕೊಂಡ ವಿಷಯ ಯಾವುದು ಗೊತ್ತೆ? ಗ್ರಾಮದೇವತೆಗಳು! ದೇವರಿಲ್ಲ ಎಂದು ಗುಡುಗುತ್ತಿದ್ದವರು ಮಾರಮ್ಮ, ಮಂಚಮ್ಮರ ಕಥೆ ಕೇಳಲು ಹಳ್ಳಿ ಹಳ್ಳಿ ಸುತ್ತಿದರು. ಭಕ್ತಿ ಹುಟ್ಟಿತೆಂದಲ್ಲ. ತನ್ನ ಜನ ಯಾರನ್ನು ನಂಬಿ ಬದುಕಿದರು, ಯಾರ ಹತ್ತಿರ ಜಗಳವಾಡಿದರು, ಯಾರ ಮುಂದೆ ಅತ್ತರು ಎಂಬುದನ್ನು ತಿಳಿಯದೆ ಆ ಜನರನ್ನು ತಿಳಿಯಲಾಗದು ಎನ್ನಿಸಿತ್ತು. ಚಿಕ್ಕಂದಿನಲ್ಲಿ ಕೇಳಿದ್ದ ಕಥೆಗಳ ಹತ್ತಿರಕ್ಕೆ, ಈ ಬಾರಿ ಡಾಕ್ಟರೇಟಿನ ವಿದ್ಯಾರ್ಥಿಯಾಗಿ, ಮರಳಿ ಹೋದರು. ಅಲ್ಲಿ ಅವರು ಕಂಡದ್ದು ದೊಡ್ಡ ದೇವಸ್ಥಾನಗಳ ದೇವರನ್ನಲ್ಲ. ಭಕ್ತರಿಂದ ಬೈಸಿಕೊಳ್ಳುವ, ಅವರ ಜೊತೆ ಚೌಕಾಸಿ ಮಾಡುವ, ಬಡವರ ಹಾಗೆಯೇ ಬಯಲಲ್ಲಿ ನಿಂತ ದೇವತೆಗಳನ್ನು.

ಅವರು ಹೊತ್ತು ತಂದ ಕಥೆಗಳಲ್ಲಿ ಮನೆಮಂಚಮ್ಮನದು ಎಲ್ಲಕ್ಕಿಂತ ದೊಡ್ಡದು. ಊರವರು ಸೇರಿ ಮಂಚಮ್ಮನಿಗೆ ಗುಡಿ ಕಟ್ಟುತ್ತಿದ್ದರಂತೆ. ಗೋಡೆ ಎದ್ದು ಸೂರು ಹೊದಿಸುವ ಹೊತ್ತಿಗೆ ಒಬ್ಬರ ಮೈಮೇಲೆ ಬಂದ ಅಮ್ಮ ಕೆಲಸ ನಿಲ್ಲಿಸಲು ಹೇಳಿದಳು. ಏನು ನಡೆಸಿದ್ದೀರಿ ಎಂದು ಕೇಳಿದಳು. ನಿನಗೇ ಮನೆ ಕಟ್ಟುತ್ತಿದ್ದೇವೆ ತಾಯಿ ಎಂದರು. ಹಾಗಾದರೆ ನಿಮಗೆಲ್ಲ ಮನೆ ಇದೆಯೇ ಎಂಬುದು ಅವಳ ಮುಂದಿನ ಪ್ರಶ್ನೆ. ಗುಂಪಿನಲ್ಲಿದ್ದ ಒಬ್ಬ, ತನಗಿಲ್ಲ ಎಂದ. ಎಲ್ಲರಿಗೂ ಮನೆ ಆಗುವ ತನಕ ತನಗೂ ಮನೆ ಬೇಡ ಎಂದುಬಿಟ್ಟಳು ಅಮ್ಮ. ಗುಡಿ ಸೂರಿಲ್ಲದೆ ಹಾಗೆಯೇ ಉಳಿಯಿತು.

ಈ ಕಥೆಯ ಪಯಣವೂ ಸಣ್ಣದಲ್ಲ. ಸಿದ್ಧಲಿಂಗಯ್ಯನವರಿಂದ ಕೇಳಿದ ದೇವನೂರ ಮಹಾದೇವ ಇದನ್ನು ಮರೆಯಲಾಗದೆ ಬರೆದರು. 2012ರಲ್ಲಿ ಬಂದ 'ಎದೆಗೆ ಬಿದ್ದ ಅಕ್ಷರ' ಓದಿದವರೆಲ್ಲ ಆ ಸೂರಿಲ್ಲದ ಗುಡಿಯನ್ನು ಬಲ್ಲರು. ಓದುಬರಹ ಬಾರದ ಯಾರೋ ಕಟ್ಟಿದ ಕಥೆಯೊಂದು ಕೇರಿಯಿಂದ ಹೊರಟು, ಶ್ರೀರಾಮಪುರದ ಹುಡುಗನ ಕಿವಿ ಹೊಕ್ಕು, ಕನ್ನಡದ ಓದುಗರೆಲ್ಲರ ಮನೆಗೆ ಬಂತು. ಕಥೆಯ ಹೆಗಲೇರಿ ಹುಡುಗ ನಡೆದನೋ, ಹುಡುಗನ ಹೆಗಲೇರಿ ಕಥೆ ನಡೆಯಿತೋ!

ಬದುಕು ಇನ್ನೂ ಕೆಲವು ತಿರುವುಗಳನ್ನು ಇಟ್ಟುಕೊಂಡಿತ್ತು. 1988ರಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ, ಅವರು ವಿಧಾನ ಪರಿಷತ್ತಿನ ಸದಸ್ಯರಾದರು. ಶ್ರೀರಾಮಪುರದಿಂದ ವಿಧಾನಸೌಧಕ್ಕೆ ನಾಲ್ಕೈದು ಕಿಲೋಮೀಟರ್ ಅಷ್ಟೆ. ಆ ದೂರ ಕ್ರಮಿಸಲು ಎಷ್ಟು ತಲೆಮಾರು ಬೇಕಾಯಿತೆಂದು ಲೆಕ್ಕ ಹಾಕುವುದು ಬೇರೆ ಮಾತು. ಎರಡು ಅವಧಿಗೆ ಅಲ್ಲಿದ್ದು ಆಡಿದ ಮಾತುಗಳು 'ಸದನದಲ್ಲಿ ಸಿದ್ಧಲಿಂಗಯ್ಯ' ಎಂಬ ಹೆಸರಿನಲ್ಲಿ ಪುಸ್ತಕವಾಗಿವೆ. ಬೀದಿಯಲ್ಲಿ ಹಾಡಿದ ಕವಿ ಅಧಿಕಾರದ ಮನೆ ಹೊಕ್ಕದ್ದು ಚಳವಳಿಯ ಗೆಳೆಯರಲ್ಲಿ ಕೆಲವರಿಗೆ ಸರಿಬರಲಿಲ್ಲ. ಹಾಡಿನ ಕಾವು ಆರಿತೆಂದರು. ಆ ಆಕ್ಷೇಪವನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ; ಆಮೇಲಿನ ಕವಿತೆಗಳ ದನಿ ಮೊದಲಿನದಲ್ಲ ಎಂಬುದು ಓದಿದವರಿಗೆ ತಿಳಿಯುತ್ತದೆ. 1993ರ 'ಬಾ ನಲ್ಲೆ ಮಧುಚಂದ್ರಕೆ' ಚಿತ್ರದ ಬೆಟ್ಟ, ಬೆಳದಿಂಗಳಿನ ಪ್ರೇಮಗೀತೆಯನ್ನು ಗುನುಗುವ ಎಷ್ಟೋ ಮಂದಿಗೆ ಅದನ್ನು ಬರೆದವರು 'ಹೊಲೆಮಾದಿಗರ ಹಾಡು' ಬರೆದವರೇ ಎಂಬುದು ಗೊತ್ತಿಲ್ಲ.

ದನಿ ಬದಲಾದರೂ ನಗು ಬದಲಾಗಲಿಲ್ಲ. 1990ರ ದಶಕದಲ್ಲಿ 'ಊರುಕೇರಿ'ಯ ಮೊದಲ ಭಾಗ ಬಂದಾಗ ಕನ್ನಡಿಗರು ಬೆರಗಾದದ್ದು ಅದರ ನಗುವಿಗೆ. ಹಸಿವು, ಅವಮಾನ, ಹೊಡೆತ ಎಲ್ಲವೂ ಅಲ್ಲಿವೆ. ಪುಟ ಪುಟಕ್ಕೂ ನಗೆಯೂ ಇದೆ. ಬಡವರ ನಗುವಿಗೆ ಇರುವ ಶಕ್ತಿ ಎಂಥದೆಂಬುದನ್ನು ಆ ಪುಸ್ತಕದ ನೆಪದಲ್ಲಿ ವಿವರಿಸಿ ಬರೆದವರು ಅದೇ ಹಳೆಯ ಗೆಳೆಯ ಡಿ.ಆರ್. ನಾಗರಾಜ್. ಎಸ್.ಆರ್. ರಾಮಕೃಷ್ಣ ಅವರ ಅನುವಾದದಲ್ಲಿ ಅದು ಇಂಗ್ಲಿಷಿಗೂ ಹೋಯಿತು.

ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಕನ್ನಡ ಪುಸ್ತಕ ಪ್ರಾಧಿಕಾರಗಳ ಅಧ್ಯಕ್ಷತೆ ಬಂತು. 2015ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ 81ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಬೂಸಾ ಗಲಾಟೆಯ ದಿನಗಳಲ್ಲಿ ಕನ್ನಡದ ವಿರೋಧಿಗಳೆಂದು ಅನ್ನಿಸಿಕೊಂಡವರ ಸಾಲಿನಲ್ಲಿದ್ದ ಹುಡುಗನಿಗೆ, ನಲವತ್ತೆರಡು ವರ್ಷಗಳ ಮೇಲೆ, ಕನ್ನಡದ ತೇರಿನ ಮೇಲೆ ಕೂರುವ ಗೌರವ.

2021ರ ಜೂನ್ 11ರಂದು, ಕೊರೊನಾ ಕಾಲದಲ್ಲಿ, ಸಿದ್ಧಲಿಂಗಯ್ಯ ಬೆಂಗಳೂರಿನಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಪದ್ಮಶ್ರೀ ಬಂತು.

ಅವರು ಹೋದ ಎರಡೂವರೆ ತಿಂಗಳಿಗೆ, ಆಗಸ್ಟ್ ಕೊನೆಯಲ್ಲಿ, ನಮ್ಮ ಮೆಟ್ರೋ ಮೈಸೂರು ರಸ್ತೆಯಿಂದ ಕೆಂಗೇರಿಯ ತನಕ ಓಡತೊಡಗಿತು. ಈಗ ಶ್ರೀರಾಮಪುರದಲ್ಲಿ ಹತ್ತಿದ ವಿದ್ಯಾರ್ಥಿ ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ, ಮಾಗಡಿ ರಸ್ತೆ, ಹೊಸಹಳ್ಳಿ, ವಿಜಯನಗರ ದಾಟಿ ಜ್ಞಾನಭಾರತಿಯಲ್ಲಿ ಇಳಿಯಬಹುದು. ವಿಜಯನಗರದಲ್ಲಿ ಬೆನ್ನಿನ ಚೀಲ ಎದೆಗೆ ತಿರುಗಿಸಿಕೊಂಡು ಹತ್ತುವ ಹುಡುಗ ಹುಡುಗಿಯರಿಂದ ಗಾಡಿ ತುಂಬುತ್ತದೆ. ಅತ್ತ ಊರಿನಿಂದ ಅಮ್ಮನ ಫೋನು ಬರುತ್ತದೆ. ಊಟ ಆಯಿತೇ ಎಂದು ಕೇಳಿದ ಮೇಲೆ ಆಕೆ ಕೇರಿಯ ಸುದ್ದಿ, ಜಾತ್ರೆಯ ಸುದ್ದಿ, ಯಾರ ಮೈಮೇಲೆ ಅಮ್ಮ ಬಂದಳು ಎಂಬ ಸುದ್ದಿಯನ್ನೆಲ್ಲ ಹೇಳತೊಡಗುತ್ತಾಳೆ. ಓದುವುದಿದೆ, ಆಮೇಲೆ ಮಾಡುತ್ತೇನೆ ಎಂದು ಕೆಲವರು ಫೋನು ಇಡುತ್ತಾರೆ. ಕೆಲವರು ಇಳಿಯುವ ನಿಲ್ದಾಣ ಬರುವವರೆಗೂ ಕೇಳುತ್ತಿರುತ್ತಾರೆ.